ಕ್ಯಾರಿಯರ್

"ಮೊದಲ ಎರಡು ತಾಸಿನ್ಯಾಗಽ ತುಳೀಬೇಕು, ಮಾವಶಿ,
ಆಮ್ಯಾಲ ಬ್ಯಾಡ, ಬೀಪಿ ಇಳೀತದ" ಅಂತ
ಋಜುತಾ ನನ್ನ ಕಾಲಕಡೆ ಬಗ್ಗಿ
ಹಾಸಿಗಿ ತುದಿಗೆ ಪೆಡಲಿನ ಡಬ್ಬಿ ಬಿಗೀತಾಳ.
ಗಾಲಿ ಇಲ್ಲ, ಸೀಟಿಲ್ಲ, ಗಂಟಿ ಇಲ್ಲ.
ಎರಡು ಪೆಡಲು, ಪಾದಕ್ಕೊಂದು ಪಟ್ಟಿ,
ಎಣಿಸಾಕ ಒಂದು ಸಣ್ಣ ಕಿಟಕಿ.
ಇದಕ್ಕ ಸೈಕಲ್ಲು ಅನ್ನತಾರಂತ.

ಎಡಗೈ ಅಲುಗಿಸೂ ಹಂಗಿಲ್ಲ. ಅಲ್ಲಿ ಎರಡು ಸೂಜಿ,
ಒಂದರಾಗ ಹೋಗತದ, ಒಂದರಾಗ ಬರತದ,
ನನ್ನ ರಕ್ತ ನನಗಿಂತ ಹೆಚ್ಚು ಊರು ತಿರಗತದ.
ಫಿಸ್ಟುಲಾದ ಮ್ಯಾಲ ಬೆರಳಿಟ್ಟರ
ಹಿಟ್ಟಿನ ಗಿರಣಿ ಗ್ವಾಡಿ ಮುಟ್ಟಿದಂಗ ಜುಂ ಅನ್ನತದ.
ಜುಂ ಅನ್ನೂದು ನಿಂತರ ಓಡಿ ಬರ್ರಿ ಅಂದಾರ.
ರಾತ್ರಿ ಎಚ್ಚರಾದಾಗ ಮೊಳಕೈ ಕಿವಿಗೆ ಹಚ್ಚಿ ಕೇಳತೀನಿ,
ಮಲಗಿದ ಕೂಸಿನ ಮೂಗಿನ ಮುಂದ ಬೆರಳು ಹಿಡಿದಂಗ.

ಇಂಡಿಯಿಂದ ಬಂದಾಗ ನನಗ ಹತ್ತೊಂಬತ್ತು.
ಪುಣೆ ಟೇಶನ್ನಿನ ಹೊರಗ ಟ್ರಂಕಿನ ಮ್ಯಾಲ ಕುಂತು
ನಾ ಮೊದಲ ನೋಡಿದ್ದು ಹೆಣಮಕ್ಕಳ ಕಾಲು.
ಕಚ್ಚಿ ಹಾಕಿದ ಮುದುಕಿ, ಎರಡು ಜಡಿ ಹುಡಿಗಿ,
ಹಿಂದ ಭಾಜಿ ಚೀಲ ಕಟಗೊಂಡ ಬಸುರಿ,
ಎಲ್ಲಾರೂ ತಮ್ಮ ತಮ್ಮ ಗಾಳಿ ತಾವಽ ಹುಟ್ಟಿಸಿಕೋತ ಹೊಂಟಿದ್ದರು.
ನಾನೂ ಕಲೀತೀನ್ರಿ ಅಂದೆ.
ಇವರು ಅಂದರು: ಬಿದ್ದೀ.

ಅಷ್ಟಽ. ಜಗಳಿಲ್ಲ, ಬೈಗಳಿಲ್ಲ.
ಖಡಕಿ ಫ್ಯಾಕ್ಟರಿಗೆ ಹೋಗೂ ಕರೀ ಸೈಕಲ್ಲಿನ ಕ್ಯಾರಿಯರಿನ ಮ್ಯಾಲ
ಹನ್ನೊಂದು ವರ್ಷ ಅಡ್ಡ ಕುಂತೆ.
ತುಳಶೀಬಾಗಕ್ಕ ಬಳಿ ಇಡಿಸಾಕ, ಸಸೂನಿಗೆ ಎರಡು ಹೆರಿಗಿಗೆ.
ಸಂಗಮ ಪೂಲಿನ ಏರಿನ್ಯಾಗ ಇವರ ಬೆನ್ನು ಬೆವತು
ಅಂಗಿ ನನ್ನ ಗಲ್ಲಕ್ಕ ಅಂಟತಿತ್ತು.
ನನ್ನ ಕಾಲು ಮಾತ್ರ ಸುಮ್ಮ ಜೋತಾಡತಿದ್ದವು,
ಸಂತ್ಯಾಗ ಕೊಂಡ ಕೋಳಿ ಕಾಲಿನಂಗ.

ಈಗ ತುಳೀತೀನಿ.
ಮೊದಲನೇ ದಿನ ನಾಲ್ಕು ನಿಮಿಷಕ್ಕ
ಮೀನಖಂಡ ಹಗ್ಗ ಹೊಸದಂಗ ಹಿಡೀತು.
ಸಿಸ್ಟರ್ ಲಿಸ್ಸಿ ಓಡಿ ಬಂದು ಪಾದ ಹಿಂದಕ್ಕ ಒತ್ತಿದಳು.
ಬಾಜೂ ಹಾಸಿಗಿ ಢಮಢೇರೆ ಕಾಕಾ ಪೇಪರಿನ ಮರಿಯಿಂದ,
"ವಹಿನಿ, ಎಲ್ಲೀತನ ಬಂತು ಸವಾರಿ?"
"ಇನ್ನೂ ಚಾಳಿನ ಬಾಗಿಲದಾಗಽ ಅದರಿ,
ಚೈನು ಬಿದ್ದದ."

ಇದು ಹದಿನೇಳನೇ ವಾರ.
ಮಂಗಳವಾರ, ಗುರುವಾರ, ಶನಿವಾರ, ಇಪ್ಪತ್ತೈದು ನಿಮಿಷ.
ಹಣಿ ಬೆವತರ ಖುಷಿ ಆಗತದ:
ಇಷ್ಟು ನೀರು ಮಷಿನ್ನು ತಗೀಲಿಲ್ಲ, ನಾನಽ ತಗದೆ.
ಆಮ್ಯಾಲ ನೀರಡಿಕಿ. ತೂಕದ ಕಾಟಾ ನೆನಪಾಗಿ
ಒಂದು ಗುಟುಕು ಬಾಯಾಗಽ ಇಟಗೊಂಡು ಕುಂದರತೀನಿ,
ನುಂಗೂದು ಎಷ್ಟು ತಡಾ ಮಾಡಬಹುದು ಅಂತ.

ಮೊನ್ನೆ ಪಾಯಖಾನ್ಯಾಗ ಗ್ವಾಡಿ ಹಿಡಿಯದಽ ಎದ್ದೆ.
ಇದನ್ನ ಯಾರ ಮುಂದ ಹೇಳೂದು?
ಋಜುತಾಗ ಹೇಳಿದೆ. ನಗಲಿಲ್ಲ ಹುಡಿಗಿ,
ವಹಿ ತಗದು ತಾರೀಖು ಹಾಕಿ ಬರಕೊಂಡಳು.

ಹ್ವಾದ ಶನಿವಾರ ಕಾಕಾನ ಹಾಸಿಗಿ ಮ್ಯಾಲ ಬ್ಯಾರೆ ಹುಡುಗ.
ಎದಿ ಧಸಕ್ಕಂತು. ಯಾರನ್ನೂ ಕೇಳಲಿಲ್ಲ,
ಸುಮ್ಮ ತುಳದೆ, ಎಂದಿಗಿಂತ ಜೋರ ತುಳದೆ.
ಕಡೀಕ ಲಿಸ್ಸಿನಽ ಅಂದಳು:
"ಅವರು ಬೆಳಗಿನ ಪಾಳಿಗೆ ಹೋಗ್ಯಾರ, ಮೊಮ್ಮಗಳ ಸಾಲಿ ಅದಂತ."
ಹಾಳಾಗಿ ಹೋಗ ಮುದಕಾ, ಹೇಳಿ ಹೋಗಬಾರದಾ!

ಬಾಗಿಲ ಗಾಜಿನ ಆಚೆ ಬಾಕಿನ ಮ್ಯಾಲ ಇವರು.
ಮಣಕಾಲು ಹೋಗ್ಯಾವ, ಸೈಕಲ್ಲು ಭಂಗಾರಕ್ಕ ಹೋಗಿ ಎಷ್ಟೋ ವರ್ಷಾತು.
ನನ್ನ ಚಪ್ಪಲಿ, ನನ್ನ ಫೈಲು ತೊಡಿ ಮ್ಯಾಲ ಇಟಗೊಂಡು
ಬಿದ್ದು ಗಿದ್ದೇನೋ ಅನ್ನೂಹಂಗ ಬಾಕಿನ ಅಂಚು ಹಿಡಕೊಂಡು
ಅಡ್ಡ ಕುಂತಾರ.

ಕಿಟಕ್ಯಾಗ ಮೂರು ಪಾಯಿಂಟ್ ಎರಡು ಕಿಲೋಮೀಟರು.
ಇನ್ನ ಮುಂದ ಪೂಲಿನ ಏರು, ಗಟ್ಟಿ ಹಿಡಕೋರಿ
ಅನ್ನಬೇಕಂತ ಬಾಯಿ ತಗದೆ.
"ಸಾಕು ಮಾವಶಿ, ಟೈಮಾತು," ಋಜುತಾ ಪಟ್ಟಿ ಬಿಚ್ಚಿದಳು.

ಚಾದರದೊಳಗ ಕಾಲು ಇನ್ನೂ ತಿರಗತಾವ.